ಪದಚರ್ಚೆ: ‘ಲಯಬದ್ಧ’ ಅಂದರೆ ನಿಮಗೆ ಏನು ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದೇ ಪಿಯಾನೋದ ಮುಂದೆ ಇಬ್ಬರು ಪಕ್ಕಪಕ್ಕ ಕೂತು ನುಡಿಸುವಂಥ ಮೂರು ನಿಮಿಷದ ರಚನೆಯೊಂದನ್ನು ಮಾಡಿದ್ದೇನೆ. ಕೇಳಿ, ತಪ್ಪು ಒಪ್ಪು ಹೇಳಿ ಎಂದು ಮೂವರು ಗೆಳೆಯರಿಗೆ ಕಳಿಸಿದೆ. ಜೊತೆಗೆ ಒಂದು ಸಾಲು ಬರೆದಿದ್ದೆ: ‘ಲಯಬದ್ಧವಾದ ಸಮಕಾಲೀನ ಪಿಯಾನೋ ಯುಗಳ’. ಉತ್ತರಗಳು ಬಂದ ಮೇಲೆ ಈ ನಾಲ್ಕು ಪದಗಳಲ್ಲಿ ಪಿಯಾನೋ ಒಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಅನುಮಾನ ಹುಟ್ಟಿದೆ.

ಮೊದಲನೆಯವರು ಬರೆದದ್ದು ಇಷ್ಟೇ: ‘ಚೆನ್ನಾಗಿದೆ. ಲಯ ಜಾಸ್ತಿ ಆಯ್ತು, ಸ್ವಲ್ಪ ಇಳಿಸಿ.’ ತಾಳದ ಪೆಟ್ಟುಗಳು ಕಿಕ್ಕಿರಿದಿವೆ ಅಂತ ಹೇಳುತ್ತಿದ್ದಾರೆ ಎಂದುಕೊಂಡೆ. ಸಂಜೆಯೆಲ್ಲ ಕೂತು ಕೆಳಗಿನ ಭಾಗದಲ್ಲಿ ಅರ್ಧದಷ್ಟು ಸ್ವರ ಕಿತ್ತು ಹಾಕಿದೆ. ಮತ್ತೆ ಕಳಿಸಿದರೆ, ‘ಲಯ ಹಾಗೇ ಇದೆಯಲ್ಲ, ಸ್ವರ ಯಾಕೆ ತೆಗೆದ್ರಿ?’ ಅಂದರು. ಆಮೇಲೆ ಹೊಳೆಯಿತು. ಅವರು ಹಿಂದೂಸ್ತಾನಿ ಕಲಿತವರು. ಅಲ್ಲಿ ಲಯ ಅಂದರೆ ವೇಗ. ವಿಲಂಬಿತ ಲಯ, ಮಧ್ಯ ಲಯ, ದ್ರುತ ಲಯ. ನಿಮಿಷಕ್ಕೆ 96 ಪೆಟ್ಟು ಇದ್ದದ್ದನ್ನು 80ಕ್ಕೋ 84ಕ್ಕೋ ಇಳಿಸಿ ಎಂದು ಅವರು ಹೇಳಿದ್ದರು, ಅಷ್ಟೇ. ನನ್ನ ಕಿವಿ ಕರ್ನಾಟಕ ಸಂಗೀತದ್ದು. ನಾವು ವೇಗಕ್ಕೆ ‘ಕಾಲ’ ಅನ್ನುತ್ತೇವೆ. ಮೊದಲನೇ ಕಾಲ, ಎರಡನೇ ಕಾಲ, ಕಾಲಪ್ರಮಾಣ. ‘ಅವನಿಗೆ ಲಯ ಗಟ್ಟಿ’ ಅಂದರೆ ಅವನು ಬೇಗ ನುಡಿಸುತ್ತಾನೆ ಎಂದಲ್ಲ, ಅಲುಗಾಡದೆ ನಿಲ್ಲುತ್ತಾನೆ ಎಂದು. ಮೃದಂಗ, ಘಟಗಳನ್ನು ಲಯವಾದ್ಯ ಅನ್ನುವಾಗಲೂ ವೇಗದ ಮಾತು ಅಲ್ಲಿಲ್ಲ. ಇನ್ನು ಸೃಷ್ಟಿ, ಸ್ಥಿತಿ, ಲಯದ ‘ಲಯ’ವಂತೂ ನಾಶವೇ. ನಾನು ಕಿತ್ತ ಸ್ವರಗಳಿಗೆ ಆ ಅರ್ಥವೇ ಸರಿ ಹೊಂದೀತು.

ಎರಡನೆಯವರ ದೂರು ‘ಬದ್ಧ’ದ ಬಗ್ಗೆ. ‘ಲಯಬದ್ಧ ಅಂದಿದ್ರಿ, ಕೈ ತಟ್ಟೋಕೂ ಆಗಲ್ಲವಲ್ಲ!’ ಅವರ ಮಾತಿನಲ್ಲಿ ಹುರುಳಿದೆ. ಲಯಬದ್ಧ ಉಸಿರಾಟ, ಲಯಬದ್ಧ ಹೆಜ್ಜೆ, ದೋಣಿಯ ಹುಟ್ಟು ಲಯಬದ್ಧವಾಗಿ ನೀರಿಗೆ ಬೀಳುತ್ತಿತ್ತು. ಬರಹದ ಕನ್ನಡದಲ್ಲಿ ಈ ಪದ ಯಾವಾಗಲೂ ಸಮನಾಗಿ, ಏರುಪೇರಿಲ್ಲದೆ ಬರುವುದನ್ನೇ ಹೇಳುತ್ತದೆ. ನನ್ನ ರಚನೆ ಅದರ ಉಲ್ಟಾ. ಎಡಗಡೆ ಕೂತವರು ಏಳು ಮಾತ್ರೆಯ ತುಣುಕನ್ನು ತಿರುಗಿಸುತ್ತಾ ಇರುತ್ತಾರೆ. ಬಲಗಡೆಯವರದು ಐದು ಮಾತ್ರೆಯ ತುಣುಕು. ಇಬ್ಬರೂ ಒಟ್ಟಿಗೆ ಹೊರಟರೆ ಮತ್ತೆ ಒಂದೇ ಕಡೆ ಸೇರುವುದು 35 ಮಾತ್ರೆ ಆದ ಮೇಲೆ. ನಡುವೆ ಕೇಳುಗರು ಯಾರನ್ನು ಹಿಡಿದರೂ ಇನ್ನೊಬ್ಬರು ಜಾರುತ್ತಾರೆ. ಇದಕ್ಕೆ ‘ಲಯಬದ್ಧ’ ಅಂದದ್ದು ನನ್ನದೇ ತಪ್ಪು. ‘ಲಯಪ್ರಧಾನ’ ಅಂದರೆ ಸ್ವಲ್ಪ ವಾಸಿ ಅನಿಸುತ್ತದೆ. ರಾಗಕ್ಕಿಂತ ಪೆಟ್ಟಿನ ಆಟವೇ ಮುಂದೆ ಎಂದಾದರೂ ಅದು ಹೇಳುತ್ತದೆ. ಆದರೆ ಹಿಂದೂಸ್ತಾನಿ ಗೆಳೆಯರು ಅದನ್ನೂ ‘ವೇಗವೇ ಮುಖ್ಯ’ ಎಂದು ಓದಿಬಿಟ್ಟರೆ?

ನನಗೆ ಇಷ್ಟವಾದ ಪದ ‘ನಡೆ’. ಅಚ್ಚಗನ್ನಡದ್ದು, ಒಂದು ಪೆಟ್ಟಿನೊಳಗೆ ಎಷ್ಟು ಮಾತ್ರೆ ಎಂದು ಹೇಳಲು ಸಂಗೀತದಲ್ಲೂ ಇದೆ: ತಿಶ್ರ ನಡೆ ಮೂರು, ಖಂಡ ನಡೆ ಐದು, ಮಿಶ್ರ ನಡೆ ಏಳು. ಎಡಗಡೆಯ ಏಳು ‘ತಕಿಟ ತಕದಿಮಿ’, ಮೂರು ಮತ್ತು ನಾಲ್ಕು. ಇದನ್ನು ಎಲ್ಲೋ ಕೇಳಿದ್ದೇನೆ ಅಂತ ಬರೆಯುವಾಗಲೇ ಅನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಭಾಮಿನಿ ಷಟ್ಪದಿ! ಅದರ ಸಾಲೂ ಮೂರು ನಾಲ್ಕು, ಮೂರು ನಾಲ್ಕು ಎಂದೇ ಹೋಗುತ್ತದೆ. ಕುಮಾರವ್ಯಾಸನನ್ನು ಗಟ್ಟಿಯಾಗಿ ಓದಿ ಬೆಳೆದವರಿಗೆ ಏಳರ ಎಣಿಕೆ ಬಾಯಲ್ಲೇ ಇರುತ್ತದೆ, ಹೊಸದಾಗಿ ಕಲಿಯಬೇಕಾದ್ದೇನಿಲ್ಲ. ‘ಮಿಶ್ರ ನಡೆಯ ರಚನೆ’ ಎಂದು ಬರೆದಿದ್ದರೆ ಎರಡನೆಯವರು ಬಹುಶಃ ಕೈ ತಟ್ಟುತ್ತಿದ್ದರು.

‘ಯುಗಳ’ ಎಂದ ಕೂಡಲೇ ಜನ ಹಾಡುವವರು ಯಾರು ಅಂತ ಕೇಳುತ್ತಾರೆ, ಯುಗಳ ಗೀತೆಯಿಂದಾಗಿ. ‘ಯುಗಳ ವಾದನ’ ಎಂದರೆ ನುಡಿಸುವ ಕೆಲಸ, ಬರೆದಿಟ್ಟ ರಚನೆಯಲ್ಲ. ‘ದ್ವಂದ್ವ’ ನನಗೆ ಬೇಡ, ಬೆಂಚಿನ ಮೇಲೆ ಇಬ್ಬರು ಜಗಳಕ್ಕೆ ಕೂತಂತಿದೆ. (ಮೊಣಕೈ ತಾಗುವುದಂತೂ ನಿಜ. ಇಬ್ಬರ ನಡುವಿನ ಎರಡು ಕೈಗಳು ಪಿಯಾನೋದ ಒಂದೇ ಮನೆಗೆ, ಅಂದರೆ ಒಂದೇ ಕೀಗೆ, ಬಂದು ಬೀಳುವ ಜಾಗ ಎರಡಿದ್ದವು, ಈಗ ಸರಿಮಾಡಿದ್ದೇನೆ.) ‘ಜುಗಲ್‌ಬಂದಿ’ ಅಂದರೆ ಅಲ್ಲೇ ಹುಟ್ಟಿಸಿ ನುಡಿಸುವ ಸವಾಲು ಜವಾಬು. ನನ್ನದರಲ್ಲಿ ಪ್ರತಿ ಸ್ವರವೂ ಬರೆದಿಟ್ಟದ್ದು. ಇಟಾಲಿಯನ್, ಫ್ರೆಂಚ್, ಜರ್ಮನ್ ಮೂರರಲ್ಲೂ ಇದಕ್ಕೆ ‘ನಾಲ್ಕು ಕೈಗೆ’ ಅನ್ನುವ ಅರ್ಥದ ಮಾತೇ ಇದೆ. ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ 1828ರಲ್ಲಿ ಎಫ್ ಮೈನರ್‌ನಲ್ಲಿ ಬರೆದ ಫ್ಯಾಂಟಸಿ ಇಂಥ ನಾಲ್ಕು ಕೈಯ ರಚನೆ. ನಾವೂ ‘ನಾಲ್ಕು ಕೈ ಪಿಯಾನೋ’ ಅಂದರೆ ಆಯಿತಲ್ವಾ? ಎರಡು ಪಿಯಾನೋ ಇಟ್ಟು ನುಡಿಸುವುದರಿಂದ ಇದನ್ನು ಬೇರೆ ಮಾಡಿ ಹೇಳಲೂ ಬರುತ್ತದೆ.

‘ಸಮಕಾಲೀನ’ದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾವುಂಡರಾಯ ರನ್ನನ ಸಮಕಾಲೀನ. ನನ್ನ ರಚನೆ ಯಾರ ಸಮಕಾಲೀನ? ‘ಈಗಿನ’ ಸಾಕು.

ಇನ್ನು ಮೂರನೆಯವರು. ‘ತಾಳ ತಪ್ಪಿದೆ’ ಎಂದು ಮೂರು ಕಡೆ ಗುರುತು ಹಾಕಿ ಕಳಿಸಿದರು. ಅದರಲ್ಲಿ ಒಂದು ನಿಜವಾದ ತಪ್ಪು. ನಾಲ್ಕು ಕೈಯಲ್ಲಿ ಪೆಡಲ್ (ಒತ್ತಿ ಹಿಡಿದರೆ ಸ್ವರ ನಿಲ್ಲದೆ ಮೊಳಗುವ ಮೆಟ್ಟು) ಸಾಮಾನ್ಯವಾಗಿ ಎಡಗಡೆಯವರ ಕಾಲಿನ ಕೆಲಸ. ನಾನು ಅದನ್ನು ಎರಡೆರಡು ಸುತ್ತು ಬಿಡದೆ ಹಿಡಿಯಲು ಬರೆದಿದ್ದೆ. ಸ್ವರಗಳೆಲ್ಲ ಒಂದರ ಮೇಲೊಂದು ಹರಡಿ, ಮೂರು ಎಲ್ಲಿ ಮುಗಿಯಿತು, ನಾಲ್ಕು ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ. ಈಗ ಪ್ರತಿ ಏಳಕ್ಕೂ ಕಾಲು ಎತ್ತಿಸಿದ್ದೇನೆ. ಉಳಿದ ಎರಡು ಬೇಕೆಂದೇ ಮಾಡಿದ್ದು. ಪೆಟ್ಟು ಬೀಳಬೇಕಾದಲ್ಲಿ ಮೌನ, ಅದರ ಅರ್ಧ ಮಾತ್ರೆ ಮುಂಚೆ ಜೋರಾದ ಸ್ವರ.

ನನ್ನ ಮುಖ್ಯ ಪ್ರಶ್ನೆ ಇಲ್ಲಿದೆ. ಬೇಕೆಂದು ಮಾಡಿದ ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ಶಾಸ್ತ್ರದಲ್ಲಿ ಅತೀತ, ಅನಾಗತ ಇವೆ. ಆದರೆ ಅವು ಹಾಡಿನ ಎತ್ತುಗಡೆ, ಅಂದರೆ ಹಾಡು ಶುರುವಾಗುವ ಜಾಗ, ತಾಳಕ್ಕೆ ಮೊದಲೋ ಆಮೇಲೋ ಎಂದು ಹೇಳುವ ಪದಗಳು, ನಡುವಿನ ಒಂದೊಂದು ಸ್ವರದವಲ್ಲ. ‘ತಾಳ ತಪ್ಪುವುದು’ ಅಂದರೆ ಬೈಗುಳವೇ ಆಯಿತು. ಹಾಗಾಗಿ ‘ತಪ್ಪು’ ಬಿಟ್ಟು ‘ತಪ್ಪಿಸು’ ಹಿಡಿದಿದ್ದೇನೆ: ‘ಪೆಟ್ಟು ತಪ್ಪಿಸಿದ ಸ್ವರ’. ಬೀಸಿ ಬಂದ ಕೈಯಿಂದ ಬಗ್ಗಿ ಪಾರಾದವನ ಹಾಗೆ. ಓದಿದ ಕೂಡಲೇ ಅರ್ಥವಾಗುತ್ತದೆಯೇ, ಅಥವಾ ನಗು ಬರುತ್ತದೆಯೇ? ನಾಟಕ, ಯಕ್ಷಗಾನ, ಭಜನೆಯವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ರಚನೆಯ ಮೊದಲ ಪುಟ ಇನ್ನೂ ಖಾಲಿ ಇದೆ.