ಸಹಾಯ ಬೇಕು: ಗರಸಿನ ಸಬ್‌ಗ್ರೇಡ್‌ನಲ್ಲಿ ಡೆನ್ಸಿಟಿ ಒಂದೊಂದ್ ಕಡೆ ಒಂದೊಂದ್ ಥರ ಬರ್ತಿದೆ

ನಮಸ್ಕಾರ ಎಲ್ರಿಗೂ, ಗದಗ ಕಡೆ ಒಂದು ರೋಡ್ ಕೆಲ್ಸದಲ್ಲಿ ಕ್ವಾಲಿಟಿ ನೋಡ್ಕೋತಿದೀನಿ. ಎರೆಮಣ್ಣು ತೆಗ್ದು ಗರಸು ಹಾಕಿ ಸಬ್‌ಗ್ರೇಡ್ (ರೋಡಿನ ಪದರಗಳ ಕೆಳಗಿನ ಗಟ್ಟಿ ಮಣ್ಣಿನ ತಳ) ಮಾಡ್ತಿದೀವಿ, ಬೇಕಾಗಿರೋದು ಹೆವಿ ಕಾಂಪ್ಯಾಕ್ಷನ್‌ನ (ಲ್ಯಾಬ್‌ನಲ್ಲಿ ಭಾರದ ಸುತ್ತಿಗೆಲಿ ಬಡಿದು ಸಿಗೋ ಗರಿಷ್ಠ ಒಣ ಡೆನ್ಸಿಟಿಯ) 97%. ಸ್ಯಾಂಡ್ ರಿಪ್ಲೇಸ್‌ಮೆಂಟ್ (ಗುಂಡಿ ತೋಡಿ ಮಣ್ಣು ತೂಗಿ, ಗುಂಡಿಗೆ ಇಳಿದ ಮರಳಿಂದ ಅದರ ಗಾತ್ರ ಅಳೆಯೋ ಟೆಸ್ಟ್) ಮಾಡಿದ್ರೆ ಒಂದು ಗುಂಡಿಲಿ 102 ಬರುತ್ತೆ, ಅದೇ ಲೇಯರ್‌ನಲ್ಲಿ ಸ್ವಲ್ಪ ಮುಂದೆ 95, ರೋಲರ್ ಪಾಸ್ ಎರಡೂ ಕಡೆ ಅಷ್ಟೇ.

ನನ್ ಅನುಮಾನ ಕಲ್ಲಿನ ಮೇಲೆ. 102 ಬಂದ ಗುಂಡಿಲಿ ನೆಲ್ಲಿಕಾಯಿ ಗಾತ್ರದ ಕಲ್ಲು ತುಂಬಾ ಸಿಕ್ತು, ಲ್ಯಾಬ್‌ನಲ್ಲಿ ಪ್ರಾಕ್ಟರ್ (ಆ ಬಡಿಯೋ ಟೆಸ್ಟ್) ಮಾಡೋವಾಗ 20 ಎಂಎಂ ಮೇಲಿಂದು ಜರಡಿಲೇ ಹೋಗಿರುತ್ತೆ, ಹಂಗಾಗಿ ಸೈಟ್ ಡೆನ್ಸಿಟಿ, ಲ್ಯಾಬ್ ಡೆನ್ಸಿಟಿ ಎರಡನ್ನೂ ನೇರ ಹೋಲಿಸೋದೇ ಸರಿ ಅಲ್ಲ ಅನ್ಸುತ್ತೆ. ಇದಕ್ಕೆ ಕರೆಕ್ಷನ್ ನೀವು ಸೈಟ್‌ನಲ್ಲಿ ಹೆಂಗೆ ಹಾಕ್ತೀರಾ, ಕನ್ಸಲ್ಟೆಂಟ್ ಒಪ್ತಾರಾ? ಕಡಿಮೆ ಬಂದ ಕಡೆ ಪಕ್ಕದಲ್ಲೇ ರೋಲರ್ ಓಡ್ತಿತ್ತು, ಆ ಅದುರಿಗೆ ಮರಳು ಗಟ್ಟಿಯಾಗಿ ಕೂತು ಜಾಸ್ತಿ ಇಳಿದ್ರೆ ಗುಂಡಿ ದೊಡ್ಡದು ಅಂತ ಲೆಕ್ಕ ಬಂದು ಡೆನ್ಸಿಟಿ ಕಡಿಮೆ ಆಗುತ್ತಲ್ವಾ?

ಒಣ ಡೆನ್ಸಿಟಿ ಲೆಕ್ಕಕ್ಕೆ ಬೇಕಾದ ತೇವಾಂಶಕ್ಕೆ ಕಾರ್ಬೈಡ್ ಮೀಟರ್ (ಮಣ್ಣಿನ ನೀರು ಕಾರ್ಬೈಡ್‌ಗೆ ಸೇರಿ ಹುಟ್ಟೋ ಗ್ಯಾಸಿನ ಒತ್ತಡದಿಂದ ತೇವ ತೋರ್ಸೋದು) ಇದೆ. ಅದು ತೋರ್ಸೋದು ಹಸಿ ತೂಕದ ಮೇಲೆ, ಮೀಟರ್‌ನಲ್ಲಿ 10 ಅಂದ್ರೆ ಒಣ ತೂಕದ ಮೇಲೆ 11.1, ಅದನ್ನ ತಿದ್ದೇ ಬರೀತೀವಿ. ಆದ್ರೆ ಅದಕ್ಕೆ ಹಾಕೋದು ಕೆಲವೇ ಗ್ರಾಂ ಮಣ್ಣು, ಕಲ್ಲು ಇರೋ ಗರಸಿಗೆ ಅದನ್ನ ನಂಬಬಹುದಾ? ಓವನ್‌ನಲ್ಲಿಟ್ರೆ ನಾಳೆವರ್ಗೂ ಕಾಯ್ಬೇಕು, ಇಲ್ಲಿ ಸಂಜೆಗೇ ಮುಂದಿನ ಲೇಯರ್ ಹಾಕ್ಬೇಕು ಅಂತಾರೆ. ಡೆನ್ಸಿಟಿಗೆ ಕೋರ್ ಕಟರ್ (ಮಣ್ಣಿಗೆ ಬಡಿದು ಇಳಿಸಿ ಸ್ಯಾಂಪಲ್ ತೆಗೆಯೋ ಉಕ್ಕಿನ ಕೊಳವೆ) ಬಳ್ಸೋಣ ಅಂದ್ರೆ ಈ ಗರಸಲ್ಲಿ ಇಳಿಯಲ್ಲ.

ನ್ಯೂಕ್ಲಿಯರ್ ಗೇಜ್ (ವಿಕಿರಣದಿಂದ ಡೆನ್ಸಿಟಿ, ತೇವಾಂಶ ಅಳೆಯೋ ಯಂತ್ರ) ಬಳ್ಸಿರೋರು ಇದ್ರೆ, ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ ಕೆಲ್ಸ ಎಷ್ಟು ಕಷ್ಟ ಅಂತಾನೂ ಹೇಳಿ ಪ್ಲೀಸ್. ಈ ರೋಡು ಮೊದಲ ಮಳೆಗೇ ಕೂರಬಾರ್ದು.