ಸಹಾಯ ಬೇಕು: ರಕ್ತದ ಕಾರ್ಡ್‌ನಲ್ಲಿ ಇನ್ಸುಲಿನ್ ಮಾತ್ರ ಕಮ್ಮಿ ಬರ್ತಿದೆ

ಮನೆಯಲ್ಲೇ ಬೆರಳು ಚುಚ್ಚಿ ಫಿಲ್ಟರ್ ಕಾರ್ಡ್ ಮೇಲೆ ಹಾಕಿದ ರಕ್ತದ ಚುಕ್ಕಿಗಳಲ್ಲಿ ಹಾರ್ಮೋನ್ ಅಳೆಯುತ್ತಿದ್ದೇವೆ. ಒಂದೇ ಸಲ ತೆಗೆದ ಎರಡು ಕಾರ್ಡ್: ಒಂದನ್ನು ಒಣಗಿದ ಕೂಡಲೇ ಮೈನಸ್ 20 ಡಿಗ್ರಿಯಲ್ಲಿ ಇಟ್ಟೆವು, ಇನ್ನೊಂದು 5 ದಿನ ಅಂಚೆಯಲ್ಲಿ ಸುತ್ತಿ ಬಂತು. ಟೆಸ್ಟೋಸ್ಟಿರಾನ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ; ಅದರಂಥ ಸ್ಟಿರಾಯ್ಡ್ ಹಾರ್ಮೋನ್‌ಗಳದ್ದು ಗಟ್ಟಿ ಜೀವ ಬಿಡಿ, ಬೇಗ ಕೆಡಲ್ಲ. ಇನ್ಸುಲಿನ್ ಮಾತ್ರ ಅಂಚೆ ಕಾರ್ಡ್‌ನಲ್ಲಿ ತೀರಾ ಕಮ್ಮಿ. ಕೆಂಪುಕಣ ಒಡೆದಾಗ ಹೊರಬರುವ ಕಿಣ್ವ ಇನ್ಸುಲಿನ್ನನ್ನು ತುಂಡರಿಸುತ್ತೆ, ತೇವ ಇದ್ದಷ್ಟೂ ಅದಕ್ಕೆ ಅನುಕೂಲ ಅಂತ ಗೊತ್ತು. ಅದಕ್ಕೇ 4 ಗಂಟೆ ನೆರಳಲ್ಲಿ ಒಣಗಿಸಿ, ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಜಿಪ್ ಚೀಲ ಮುಚ್ಚಿಸಿದೆವು. ಆದರೂ ಒಳಗಿನ ತೇವಸೂಚಕ ಚೀಟಿ ನೀಲಿ ಹೋಗಿ ಗುಲಾಬಿಯಾಗಿಯೇ ಬರುತ್ತೆ, ಅಂದ್ರೆ ಚೀಲದೊಳಗೆ ತೇವ ಇದೆ. ಚುಕ್ಕಿಯ ನಡುಭಾಗ ಒಣಗಿರಲಿಲ್ಲವೋ, ಪ್ಲಾಸ್ಟಿಕ್ ಮೂಲಕ ಹೊರಗಿನ ತೇವ ನುಸುಳಿತೋ ತಿಳಿಯುತ್ತಿಲ್ಲ. ಇವೆರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸೋದು ಹೇಗೆ?