ರೈಟರ್‌ನಲ್ಲಿ ಮಾಸ್ಟರ್ ಪೇಜ್ ಎಲ್ಲಿದೆ? (ಕಥಾಸಂಕಲನ, ಡೆಮಿ 1/8)

ಕರಡುಪ್ರತಿ:
ಎಲ್ಲರಿಗೂ ನಮಸ್ಕಾರ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಪುಸ್ತಕ ಕಟ್ಟಿ ಕೈ ಪಳಗಿದವಳು ನಾನು. ಈಗ ಬಂದಿರುವ ಕಥಾಸಂಕಲನ ಯೂನಿಕೋಡ್‌ನಲ್ಲೇ ಇರಬೇಕು, ಮುಂದೆ ಇ-ಪುಸ್ತಕವೂ ಆಗಬೇಕು ಎಂದು ಪ್ರಕಾಶಕರು ಪಟ್ಟು ಹಿಡಿದಿದ್ದಾರೆ. ಪೇಜ್‌ಮೇಕರ್‌ಗೂ ಯೂನಿಕೋಡ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಗಾಗಿ ಲಿಬ್ರೆಆಫೀಸ್ ರೈಟರ್ ತೆರೆದು ಕುಳಿತಿದ್ದೇನೆ.

ಪುಸ್ತಕ xii + 164 ಪುಟ, ಫಾರಂಗೆ (ಒಮ್ಮೆಗೆ ಅಚ್ಚಾಗುವ ಹಾಳೆ) 16 ಪುಟದಂತೆ ಸರಿಯಾಗಿ ಹನ್ನೊಂದು ಫಾರಂ. ಶೀರ್ಷಿಕೆ, ಮುದ್ರಣ ವಿವರ, ಅರ್ಪಣೆಯ ಪುಟಗಳಲ್ಲಿ ಸಂಖ್ಯೆ ಕಾಣಬಾರದು. ಮುನ್ನುಡಿಯಿಂದ ಪರಿವಿಡಿಯವರೆಗೆ ರೋಮನ್ ಅಂಕಿ. ಮೊದಲ ಕತೆ ಬಲಪುಟದಲ್ಲಿ 1ರಿಂದ ಶುರು. ಎಡಪುಟದ ನೆತ್ತಿಯಲ್ಲಿ ಪುಸ್ತಕದ ಹೆಸರು, ಬಲಪುಟದಲ್ಲಿ ಕತೆಯ ಹೆಸರು; ಕತೆ ಆರಂಭವಾಗುವ ಪುಟದಲ್ಲಿ ಎರಡೂ ಬೇಡ. ಪೇಜ್‌ಮೇಕರ್‌ನಲ್ಲಾದರೆ ಕೆಳಗಿನ ಮೂಲೆಯ ಎಲ್, ಆರ್ ಒತ್ತಿ ಮಾಸ್ಟರ್ ಪೇಜ್‌ನಲ್ಲಿ (ಎಲ್ಲ ಪುಟಗಳಿಗೂ ಅಚ್ಚಾಗುವ ಮಾದರಿ ಪುಟ) ಕೆಲಸ ಮುಗಿಸುತ್ತಿದ್ದೆ. ರೈಟರ್‌ನಲ್ಲಿ ಒಂದು ಪುಟದ ಹೆಡರ್ (ನೆತ್ತಿಯ ಸಾಲು) ಮುಟ್ಟಿದರೆ ಇಡೀ ಪುಸ್ತಕವೇ ಬದಲಾಗುತ್ತದೆ. ಹೆಡರ್ ಬಿಟ್ಟು ಪುಟಪುಟಕ್ಕೂ ಟೆಕ್ಸ್ಟ್ ಬಾಕ್ಸ್ ಇಡಿ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟರು. ಬೇರೆ ದಾರಿಯೇ ಇಲ್ಲವೇ?

ಹಳೇಮೊಳೆ:
ಆ ಪರಿಚಿತರಿಗೆ ಕೈಮುಗಿದು ಕಳಿಸಿಬಿಡಿ. ಕರಡು ತಿದ್ದುವಾಗ ಎರಡು ಸಾಲು ಹೆಚ್ಚಾದರೂ ಆ ಬಾಕ್ಸ್‌ಗಳೆಲ್ಲ ದಿಕ್ಕಾಪಾಲಾಗುತ್ತವೆ.

ನೀವು ಹುಡುಕುತ್ತಿರುವುದು ಪೇಜ್ ಸ್ಟೈಲ್, ಅಂದರೆ ಹೆಸರಿಟ್ಟು ಉಳಿಸಿಕೊಂಡ ಪುಟವಿನ್ಯಾಸ. ಎಫ್11 ಒತ್ತಿ, ಬಲಗಡೆ ತೆರೆಯುವ ಪಟ್ಟಿಯ ಮೇಲ್ಸಾಲಿನಲ್ಲಿ ಪುಟದ ಚಿಹ್ನೆ ಆರಿಸಿ. ಆದರೆ ಪೇಜ್‌ಮೇಕರ್‌ನ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಪುಟ ಮೊದಲು, ಪಠ್ಯ ಆಮೇಲೆ. ಇಲ್ಲಿ ಪಠ್ಯ ಹರಿದಂತೆ ಪುಟ ಹುಟ್ಟುತ್ತದೆ. ಯಾವ ಪುಟ ಬೇಕೆಂದು ಹೇಳುವುದು ಪ್ಯಾರಾ. "ಈ 37ನೇ ಪುಟಕ್ಕೆ ಈ ಮಾಸ್ಟರ್" ಎನ್ನಲಾಗದು, "ಈ ಕತೆಯ ಹೆಸರು ಬಂದಲ್ಲಿ ಈ ಬಗೆಯ ಪುಟ" ಎನ್ನಬೇಕು. ಪಟ್ಟಿಯಲ್ಲಿ ಡಬಲ್ ಕ್ಲಿಕ್ ಮಾಡಿದರೆ ಎಲ್ಲವೂ ಬದಲಾಗುವುದು ಇದಕ್ಕೇ: ಸ್ಟೈಲ್ ಹೊತ್ತ ಪುಟವಿರಾಮ ಎದುರಾಗುವವರೆಗೆ ಅದು ಹರಡುತ್ತದೆ.

ನಾಲ್ಕು ಸ್ಟೈಲ್ ಮಾಡಿಕೊಳ್ಳಿ: ಆರಂಭ-ಖಾಲಿ, ಆರಂಭ-ರೋಮನ್, ಕತೆ-ಮೊದಲು, ಕತೆ-ಒಳಗೆ. ನಾಲ್ಕಕ್ಕೂ ಅಳತೆ ಒಂದೇ, ಲೇಔಟ್ ಮಿರರ್ಡ್ (ಎಡಬಲ ಪುಟಗಳ ಅಂಚು ಕನ್ನಡಿಯಂತೆ ಅದಲುಬದಲು). ಬೈಂಡಿಂಗ್ ನುಂಗುವಷ್ಟು ಜಾಗವನ್ನು ಒಳ ಅಂಚಿಗೆ ಸೇರಿಸಿ. ಆರಂಭ-ಖಾಲಿಗೆ ಹೆಡರೂ ಬೇಡ, ಫೂಟರೂ ಬೇಡ. ಆರಂಭ-ರೋಮನ್‌ಗೆ ಪುಟಸಂಖ್ಯೆಯ ರೂಪ i, ii, iii. ಕಾಣದಿದ್ದರೂ ಖಾಲಿ ಪುಟಗಳು ಎಣಿಕೆಯಲ್ಲಿ ಇರುತ್ತವೆ, ಮುನ್ನುಡಿ v ಆಗಿಯೇ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಬರೀ ಕಂಟ್ರೋಲ್-ಎಂಟರ್ ಸಾಲದು. ಇನ್ಸರ್ಟ್ ಮೆನುವಿನ ಮ್ಯಾನುಯಲ್ ಬ್ರೇಕ್ ತೆರೆದು ಸ್ಟೈಲ್ ಆರಿಸಬೇಕು.

ನಿಜವಾದ ಕೀಲಿ ಇರುವುದು ಕತೆಗಳಲ್ಲಿ. ಕತೆ-ಮೊದಲು ಸ್ಟೈಲ್‌ಗೆ ಹೆಡರ್ ಬೇಡ, ಅದರ ನೆಕ್ಸ್ಟ್ ಸ್ಟೈಲ್ (ಮುಂದಿನ ಪುಟಕ್ಕೆ ತಾನಾಗಿ ಬರುವ ಸ್ಟೈಲ್) ಕತೆ-ಒಳಗೆ. ಕತೆ-ಒಳಗೆಯ ನೆಕ್ಸ್ಟ್ ಸ್ಟೈಲ್ ತಾನೇ. ಇದರಲ್ಲಿ ಹೆಡರ್ ಹಾಕಿ, ಎಡಬಲಕ್ಕೆ ಒಂದೇ ವಿಷಯ ಎಂಬ ಗುರುತನ್ನು ತೆಗೆಯಿರಿ. ಎಡಕ್ಕೆ ಪುಸ್ತಕದ ಹೆಸರು ಬರೆಯಿರಿ. ಬಲಕ್ಕೆ ಬರೆಯಬೇಡಿ, ಫೀಲ್ಡ್‌ಗಳಲ್ಲಿ ಚಾಪ್ಟರ್ (ಕೆಲವು ಆವೃತ್ತಿಗಳಲ್ಲಿ ಹೆಡಿಂಗ್) ಇದೆ, ಅದನ್ನು ಸೇರಿಸಿ. ಆಯಾ ಕತೆಯ ಹೆಸರು ತಾನಾಗಿ ಬರುತ್ತದೆ. ಕತೆಯ ಹೆಸರುಗಳೆಲ್ಲ ಹೆಡಿಂಗ್ 1 ಆಗಿರಬೇಕು, ದಪ್ಪ ಅಕ್ಷರ ಮಾಡಿಬಿಟ್ಟರೆ ರೈಟರ್‌ಗೆ ತಿಳಿಯುವುದಿಲ್ಲ. ಇನ್ನು ಹೆಡಿಂಗ್ 1ರ ಟೆಕ್ಸ್ಟ್ ಫ್ಲೋ ಟ್ಯಾಬ್‌ನಲ್ಲಿ "ಮೊದಲು ಪುಟವಿರಾಮ, ಪೇಜ್ ಸ್ಟೈಲ್: ಕತೆ-ಮೊದಲು" ಎಂದು ಒಮ್ಮೆ ಕೊಟ್ಟರೆ ಮುಗಿಯಿತು. ಕತೆಗಳ ಕ್ರಮವನ್ನು ಪ್ರಕಾಶಕರು ಕೊನೆಯ ಗಳಿಗೆಯಲ್ಲಿ ಬದಲಿಸಿದರೂ (ಬದಲಿಸುತ್ತಾರೆ!) ನೀವು ಹೆಡರ್ ಮುಟ್ಟಬೇಕಾಗಿಲ್ಲ. ಮೊದಲ ಕತೆಯ ಶೀರ್ಷಿಕೆಗೆ ಮಾತ್ರ ಅದೇ ಟ್ಯಾಬ್‌ನಲ್ಲಿ ಪುಟಸಂಖ್ಯೆ 1 ಎಂದು ಪ್ರತ್ಯೇಕವಾಗಿ ಕೊಡಿ.

ಪುಟಗೋಪುರ:
ಒಂದು ಸೇರಿಸುತ್ತೇನೆ. ಮೂಲ ಕಡತವನ್ನು ರೈಟರ್‌ನ ಸ್ವಂತ ರೂಪವಾದ ಒಡಿಟಿಯಲ್ಲೇ ಇಡಿ. ವರ್ಡ್‌ನಲ್ಲಿ ಪೇಜ್ ಸ್ಟೈಲ್ ಎಂಬುದೇ ಇಲ್ಲ, ಅದರದು ಸೆಕ್ಷನ್ ಲೆಕ್ಕ. ಲೇಖಕರಿಗೆಂದು ವರ್ಡ್‌ನ ಡಾಕ್ಸ್ (.docx) ರೂಪದಲ್ಲಿ ಉಳಿಸಿ, ತಿದ್ದಿ ಬಂದದ್ದನ್ನು ಮತ್ತೆ ರೈಟರ್‌ನಲ್ಲಿ ತೆರೆದರೆ ನೀವಿಟ್ಟ ಸ್ಟೈಲ್‌ಗಳ ಹೆಸರು ಉಳಿದಿರುವುದಿಲ್ಲ. ಲೇಖಕರಿಗೆ ಪಿಡಿಎಫ್ ಕೊಟ್ಟು, ತಿದ್ದುಪಡಿಗಳನ್ನು ನೀವೇ ಹಾಕುವುದು ಕ್ಷೇಮ.

ಕರಡುಪ್ರತಿ:
ಹಳೇಮೊಳೆ ಅವರೇ, ಹೆಡರ್‌ಗಳೆಲ್ಲ ಹೇಳಿದಂತೆಯೇ ಕೂತಿವೆ. ಆದರೆ ಹೊಸದೊಂದು ತಕರಾರು. ಮುನ್ನುಡಿ ಬರೆದವರು ಒಂದು ಪುಟ ಕಡಿತ ಮಾಡಿದರು, ಪರಿವಿಡಿ xiಕ್ಕೆ ಮುಗಿಯಿತು. ರೈಟರ್‌ನಲ್ಲಿ 1ನೇ ಪುಟ ಬಲಕ್ಕೇ ಇದೆ. ಪಿಡಿಎಫ್ ಮಾಡಿದರೆ ಒಟ್ಟು 175 ಪುಟ. ಕತೆ ಎಡಪುಟದಲ್ಲಿ ಶುರುವಾಗುತ್ತಿದೆ ಎಂದು ಮುದ್ರಣಾಲಯದಿಂದ ಫೋನ್.

ಹಳೇಮೊಳೆ:
ಬೆಸಸಂಖ್ಯೆ ಯಾವಾಗಲೂ ಬಲಪುಟವೇ ಎಂಬುದು ರೈಟರ್‌ನ ಹಠ. xi ಆದ ಮೇಲೆ 1 ಕೇಳಿದಿರಿ, ನಡುವೆ ಅದು ತಾನೇ ಒಂದು ಖಾಲಿ ಪುಟ ಇಟ್ಟುಕೊಂಡಿದೆ. ಪಿಡಿಎಫ್‌ಗೆ ಕಳಿಸುವಾಗ ಆ ಪುಟ ಬಿಟ್ಟುಹೋಗಿದೆ. ಎಕ್ಸ್‌ಪೋರ್ಟ್ ಕಿಟಕಿಯ ಜನರಲ್ ಟ್ಯಾಬ್‌ನಲ್ಲಿ ತಾನಾಗಿ ಸೇರಿದ ಖಾಲಿ ಪುಟಗಳನ್ನೂ ಕಳಿಸುವ ಆಯ್ಕೆ ಇದೆ, ಗುರುತು ಹಾಕಿ. 176 ಬರುತ್ತದೆ. ಅಷ್ಟು ಜಾಗ ಖಾಲಿ ಬಿಡಲು ಪ್ರಕಾಶಕರಿಗೆ ಮನಸ್ಸಿಲ್ಲದಿದ್ದರೆ ಲೇಖಕರ ಹಿಂದಿನ ಪುಸ್ತಕಗಳ ಪಟ್ಟಿಯನ್ನು xiiಕ್ಕೆ ಹಾಕಿಸಿ, ಆಗ ಆ ಗುರುತಿನ ಗೊಡವೆಯೂ ಇಲ್ಲ.